ಟಾರ್ಪಾಲಿನಡಿಯ ಪೆಟ್ರೋಲು

ಉಮ್ಮರಬ್ಬನಿಗೆ ಕೋಪ ಮೂಗಿನ ತುದಿಯಲ್ಲೇ. ಗಂಗೊಳ್ಳಿಯಲ್ಲಿ ಮೀನಿನ ಬೋಟುಗಳ ಇಂಜಿನ್ ಬಿಚ್ಚುತ್ತಲೇ ಬೆಳೆದವನು. ಈಗ ಮುದಿ ವಯಸ್ಸಿನಲ್ಲಿ ಸೌದಿಯ ದಮ್ಮಾಮಿನ ಒಂದು ಬೋಟ್ ಯಾರ್ಡಿನ ಮೇಸ್ತ್ರಿ. ಬಾಯಿ ತೆರೆದರೆ ಬೈಗುಳ, ಆದರೆ ಯಾರ ಮೇಲೂ ಕೈ ಮಾಡಿದವನಲ್ಲ. ಆ ಡಿಸೆಂಬರಿನವರೆಗೆ.

ಚಳಿಗಾಲ ಬಂತೆಂದರೆ ಅಲ್ಲಿನ ಸಾಹುಕಾರರು ಮರುಭೂಮಿಯಲ್ಲಿ ಡೇರೆ ಹಾಕಲು ಹೊರಡುತ್ತಾರೆ, ಅವರ ಬೋಟುಗಳು ಯಾರ್ಡಿಗೆ ಬಂದು ಮಲಗುತ್ತವೆ. ಫಿಲ್ಟರ್ ಬದಲಿಸಬೇಕು, ಪೈಪಿನಿಂದ ನೀರು ಕೊಟ್ಟು ಇಂಜಿನ್ ಓಡಿಸಿ ಒಳಗೆಲ್ಲ ಎಣ್ಣೆ ಹಿಡಿಸಬೇಕು, ಕಡೆಗೆ ಟಾರ್ಪಾಲು ಕಟ್ಟಬೇಕು.

ಆ ದಿನ ಮರಳುಗಾಳಿ. ಮಲ್ಪೆ ಬಂದರಿನಲ್ಲಿ ಕೆಲಸ ಕಲಿತು ಹೊಸದಾಗಿ ಬಂದಿದ್ದ ಮೆಲ್ರಾಯ್ ಊರಿನ ಬುದ್ಧಿ ಓಡಿಸಿ, ಮೊದಲೇ ಟಾರ್ಪಾಲು ಕಟ್ಟಿ ಅದರಡಿ ಕೆಲಸಕ್ಕೆ ಕೂತ. ಊರಲ್ಲಿ ಮಳೆಗಾಲಕ್ಕೆ ಬೋಟು ದಡಕ್ಕೆಳೆದರೆ ಮೊದಲು ತೆಂಗಿನ ಮಡಲು ಹೊದಿಸಿ, ಆಮೇಲೆ ಅದರಡಿ ಕೂತು ಇಂಜಿನ್ ಕೆಲಸ ಮಾಡುವುದು ರೂಢಿ. ಡೀಸೆಲ್ಲಿಗೆ ಅದು ನಡೆದೀತು. ಇದು ಪೆಟ್ರೋಲು ಮಾರಾಯ್ರೆ! ಫಿಲ್ಟರಿನಿಂದ ಚೆಲ್ಲಿದ ಪೆಟ್ರೋಲಿನ ಆವಿ ಹೊರಗೆ ಹೋಗಲು ದಾರಿಯಿಲ್ಲದೆ ಟಾರ್ಪಾಲಿನಡಿ ತುಂಬಿತ್ತು. ಒಂದು ಕಿಡಿ ಸಾಕು.

ಏಣಿ ಹತ್ತಿದ ಉಮ್ಮರಬ್ಬನ ಮೂಗಿಗೆ ವಾಸನೆ ಬಡಿದು ಜೀವ ಬಾಯಿಗೆ ಬಂತು.

"ಮುಟ್ಟಬೇಡ! ಸಾಯ್ತೀಯ!"

ಗಾಳಿಯ ಆರ್ಭಟದಲ್ಲಿ ಮೆಲ್ರಾಯ್‌ಗೆ ಏನೂ ಕೇಳಲಿಲ್ಲ. ಕೈ ಆಗಲೇ ಇಂಜಿನ್ನಿನ ಕೀಲಿಯ ಮೇಲಿತ್ತು. ಉಮ್ಮರಬ್ಬ ಒಳಗೆ ನುಗ್ಗಿ ಆ ಕೈಯ ಮೇಲೆ ಅಲ್ಲೇ ಬಿದ್ದಿದ್ದ ಮರದ ಕೊಡತಿಯಿಂದ ಬಾರಿಸಿದ. ಎಲುಬು ಲಟಕ್ಕೆಂದಿತು. ಕೂದಲು ಹಿಡಿದು ದರದರ ಎಳೆದು ಕೆಳಗೆ ದಬ್ಬಿದ, ತಾನೂ ಹಾರಿದ. ಎಳೆದಾಟದಲ್ಲಿ ಇಂಜಿನ್ನಿಗೆ ಸಿಕ್ಕಿಸಿದ್ದ ನೀರಿನ ಪೈಪು ಕಳಚಿ ಬೋಟಿನ ತಳಕ್ಕೆ ಸುರಿಯತೊಡಗಿದ್ದನ್ನು ಇಬ್ಬರೂ ನೋಡಲಿಲ್ಲ.

"ನಾನೆಂತ ಮಾಡಿದ್ದು? ಕೈ ಮುರಿದೆಯಲ್ಲ, ಹಾಳಾದವನೇ!" ಮೆಲ್ರಾಯ್ ಉಳಿದ ಕೈಯಲ್ಲಿ ಮುದುಕನ ಬಾಯಿಗೆ ಗುದ್ದಿದ. ಮತ್ತೆ ಗುದ್ದಿದ. ಹಲ್ಲು ಉದುರಿತು. ಉಮ್ಮರಬ್ಬ ತಿರುಗಿ ಹೊಡೆಯಲಿಲ್ಲ. ಅಂಗಿ ಹಿಡಿದು ಅವನನ್ನು ಯಾರ್ಡಿನ ಗೋಡೆಯ ಆಚೆಗೆ ಎಳೆಯುತ್ತಲೇ ಇದ್ದ.

"ಬಯ್ಯಿ, ಹೊಡಿ, ಎಂತ ಬೇಕಾದ್ರೂ ಮಾಡು. ಮೊದಲು ಈಚೆ ಬಾ!"

ಬೋಟಿನ ತಳದಲ್ಲಿ ನೀರೇರುತ್ತಿದ್ದಂತೆ ಅದನ್ನು ಹೊರಹಾಕುವ ಪಂಪು ತನ್ನಷ್ಟಕ್ಕೆ ಚಾಲೂ ಆಯಿತು, ಕಿಡಿ ಹಾರಿತು. ಢಂ! ಟಾರ್ಪಾಲು ಚಿಂದಿಯಾಗಿ ಬೆಂಕಿ ಮೇಲೆದ್ದಿತು. ಮೆಲ್ರಾಯ್ ಕೂತಿದ್ದ ಜಾಗವೇ ಉಳಿಯಲಿಲ್ಲ.

ಮೆಲ್ರಾಯ್ ಮುದುಕನ ಬಾಯಿಯ ರಕ್ತ ನೋಡಿದ. "ಉಮ್ಮರಬ್ಬಣ್ಣಾ, ನಾನು ನಿಮಗೆ ಹೊಡೆದೆನಲ್ಲ..."

ಉಮ್ಮರಬ್ಬ ರಕ್ತ ಉಗುಳಿ, ಅವನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತ.

"ಹೊಡಿ ಮಾರಾಯ, ಇನ್ನೆರಡು ಹೊಡಿ. ಹೊಡೆಯಲಿಕ್ಕೆ ನೀನು ಇದ್ದೀಯಲ್ಲ!"