ಮೂರೂ ಪಾಳಿಗೆ ಒಂದೇ ಹೆಸರು

ಹೋದ ವಾರ ಮೊಬೈಲ್ ಚಾರ್ಜ್ ಆಗುತ್ತಿಲ್ಲವೆಂದು ರಿಪೇರಿ ಅಂಗಡಿಗೆ ಹೋಗಿದ್ದೆ. ಹೋಗುವ ಮೊದಲು ಮನೆಯ ಎಲ್ಲ ಪ್ಲಗ್ಗುಗಳಿಗೂ ಸಿಕ್ಕಿಸಿ ನೋಡಿ, ಮೀಟರ್ ಬೋರ್ಡನ್ನೂ ಮೂಸಿ ನೋಡಿ, ಹೆಂಡತಿಯಿಂದ ಬೈಸಿಕೊಂಡೇ ಹೊರಟಿದ್ದು. ಅಂಗಡಿಯವರು ಸೋಲ್ಡರಿಂಗ್ ಐರನ್ನಿನ ತುದಿಯನ್ನು ರಾಳದ ಡಬ್ಬಿಗೆ ಅದ್ದಿದರು. ಚುಂಯ್ ಎಂದು ಒಂದು ಎಳೆ ಹೊಗೆ ಎದ್ದಿತು. ಆ ವಾಸನೆ ಮೂಗಿಗೆ ಬಡಿದಿದ್ದೇ ತಡ, ಹರಿಹರದ ಆ ಸಣ್ಣ ಕೋಣೆ, ಗೋಡೆಗೆ ನೇತುಹಾಕಿದ ತಂತಿ ಸುರುಳಿಗಳು, ಸ್ಟೂಲಿನ ಮೇಲೆ ಕಾಲು ಮಡಚಿ ಕೂತ ಲೈನ್ ಸಾಹೇಬರು...

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮ ಕಂಪನಿಯ ಕಾರ್ಖಾನೆ ಇದ್ದದ್ದು ಹರಿಹರದಲ್ಲಿ; ಕಚೇರಿ, ಗೋದಾಮು ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ. ಎರಡರ ನಡುವೆ ಟೆಲಿಫೋನ್ ಇಲಾಖೆಯಿಂದ ಬಾಡಿಗೆಗೆ ಪಡೆದ ಒಂದು ಲೈನು. ಯಾವ ಲಾರಿಗೆ ಏನು ಮಾಲು ಹೇರಬೇಕೆಂಬ ಪಟ್ಟಿ ಹರಿಹರದಿಂದ ಕರೂರಿಗೆ ಬರುತ್ತಿದ್ದುದು ಅದರ ಮೇಲೆ. ಕಂಪ್ಯೂಟರ್ ವಿಭಾಗ ಅಂದರೆ ನಾನೊಬ್ಬನೇ. ಬೀಗ ಹಾಕಿ, ಎಳೆದು ನೋಡಿ, ಬೀದಿ ಮೂಲೆವರೆಗೆ ಹೋಗಿ, ವಾಪಸು ಬಂದು ಮತ್ತೆ ಎಳೆದು ನೋಡುವ ಜಾತಿಯವನು ನಾನು. ಅಂಥವನ ಕೈಗೆ ಇಡೀ ಕಂಪನಿಯ ಜಾಲವನ್ನು ಕೊಟ್ಟವರ ಧೈರ್ಯ ದೊಡ್ಡದು.

ಸಾಹೇಬರು ಕಾರ್ಖಾನೆಯ ಟೆಲಿಫೋನ್ ತಂತಿಗಳನ್ನು ನೋಡಿಕೊಳ್ಳುತ್ತಿದ್ದವರು. ಅವರ ವಿದ್ಯೆಯೇನೂ ವಿಶೇಷದ್ದಲ್ಲ, ಎಲ್ಲ ಲೈನ್‌ಮನ್‌ಗಳಿಗೆ ಗೊತ್ತಿರುವಷ್ಟೇ. ಅವರು ಹೆಸರಾಗಿದ್ದು ಕೈಗುಣಕ್ಕೆ. ಹೊಸ ಮೋಟಾರು ಬಂದರೆ ಮೊದಲ ಸ್ವಿಚ್ಚು ಅವರೇ ಒತ್ತಬೇಕು. ಕ್ಯಾಂಟೀನಿಗೆ ಹೊಸ ಗ್ರೈಂಡರ್ ಬಂದಾಗಲೂ, ಪೂಜೆ ಮಾಡಿದ ಅಯ್ಯನವರೇ "ಸಾಹೇಬ್ರನ್ನ ಕರೀರಿ" ಅಂದಿದ್ದರಂತೆ. ಸಾಹೇಬರು ನಾಚಿಕೊಂಡು, ಬಿಸ್ಮಿಲ್ಲಾ ಎಂದು ಬಾಯೊಳಗೇ ಅಂದುಕೊಂಡು, ಒಂದು ಬೆರಳಿಂದ ಒತ್ತಿ ಪಕ್ಕಕ್ಕೆ ಸರಿಯುತ್ತಿದ್ದರು.

ಲೈನಿನ ಮೇಲೆ ಕಣ್ಣಿಡಲೆಂದು ಹರಿಹರದ ಆ ಕೋಣೆಗೆ ಒಂದು ಕಂಪ್ಯೂಟರ್ ಬಂತು. ಪರದೆಯ ಮೇಲೆ ಒಂದೊಂದು ವಿಭಾಗಕ್ಕೆ ಒಂದೊಂದು ಚುಕ್ಕೆ. ಹಸಿರಿದ್ದರೆ ಸಂಪರ್ಕ ಸರಿ. ಕೆಂಪಾದರೆ ಕೀಂ ಕೀಂ ಎಂದು ಬಡಿದುಕೊಳ್ಳುತ್ತದೆ. ಆಗ ಕೂತವರು ಸದ್ದು ನಿಲ್ಲಿಸಿ, ಕರೂರಿಗೂ ಟೆಲಿಫೋನ್ ಇಲಾಖೆಗೂ ಫೋನ್ ಮಾಡಿ ತಿಳಿಸಬೇಕು. ಮೂರು ಪಾಳಿಗೆ ಮೂವರು: ಬೆಳಗಿನ ಪಾಳಿಗೆ ಸಾಹೇಬರು, ಮಧ್ಯಾಹ್ನಕ್ಕೆ ಲೋಕಿಕೆರೆಯ ಒಬ್ಬಾತ, ರಾತ್ರಿಗೆ ಇನ್ನೊಬ್ಬರು. ಶುರುವಿನಲ್ಲಿ ಪಾಸ್‌ವರ್ಡು ಗೀಸ್‌ವರ್ಡು ಏನೂ ಇರಲಿಲ್ಲ. ಒಂದು ದಿನ ಗೋದಾಮಿನ ಚುಕ್ಕೆಯೇ ಮಾಯ! ಯಾರೋ ಅಳಿಸಿದ್ದರು. ಕೇಳಿದರೆ ಮೂವರೂ, ಕೀಬೋರ್ಡ್ ತುಳಿದುಕೊಂಡು ಹೋಯಿತೆಂದು ಬೆಕ್ಕಿನ ಮೇಲೆ ಹಾಕಿದರು.

ಮ್ಯಾನೇಜರು ನನ್ನನ್ನು ಕರೆದು, "ಯಾರು ಏನು ಮಾಡಿದ್ರು ಅನ್ನೋದು ನಂಗೆ ಗೊತ್ತಾಗ್ಬೇಕು ನೋಡಪ್ಪ" ಅಂದರು.

ನಾನು ಹುರುಪಿನಿಂದ ಕೂತೆ. ಪ್ರತಿಯೊಬ್ಬರಿಗೂ ಅವರವರ ಹೆಸರು, ಅವರವರ ಪಾಸ್‌ವರ್ಡು. ಬರೀ ನೋಡುವವರು ಒಂದು ದರ್ಜೆ, ಸದ್ದು ನಿಲ್ಲಿಸಬಲ್ಲವರು ಇನ್ನೊಂದು, ಎಲ್ಲವನ್ನೂ ಬದಲಿಸಬಲ್ಲವನು ನಾನೊಬ್ಬ. ಯಾರು ಯಾವಾಗ ಏನು ಒತ್ತಿದರೆಂಬುದೆಲ್ಲ ಅವರವರ ಹೆಸರಿನೊಂದಿಗೇ ದಾಖಲಾಗಬೇಕು. "ಇನ್ನು ಮುಂದೆ ಬೆಕ್ಕಿನ ಕಾಟ ಇಲ್ಲ ಸರ್" ಎಂದು ಮ್ಯಾನೇಜರಿಗೆ ಜಂಬದಿಂದಲೇ ಹೇಳಿದೆ. ಆ ಸಂಜೆ ನೆಮ್ಮದಿಯಾಗಿದ್ದೆ. ನೆಮ್ಮದಿಯಾಗಿದ್ದೇನಲ್ಲ ಎಂದು ಆಮೇಲೆ ಗಾಬರಿಯಾಯಿತು, ಆ ಮಾತು ಬೇರೆ.

ಕೆಲವು ವಾರಗಳ ನಂತರ ದಾಖಲೆ ತೆಗೆದು ನೋಡಿದರೆ ಸಾಹೇಬರು ಹಗಲೂ ರಾತ್ರಿ ದುಡಿಯುತ್ತಿದ್ದಾರೆ! ಭಾನುವಾರವಿಲ್ಲ, ರಂಜಾನ್ ಹಬ್ಬದ ದಿನವೂ ಬಿಡುವಿಲ್ಲ. ಈ ಮನುಷ್ಯ ಕುರ್ಚಿಯಲ್ಲೇ ಪ್ರಾಣ ಬಿಟ್ಟರೆ ಅಪವಾದ ನನ್ನ ತಲೆಗೇ ಎಂದುಕೊಂಡು, ಸಿಕ್ಕ ಬಸ್ಸು ಹತ್ತಿ ಹರಿಹರಕ್ಕೆ ಓಡಿದೆ. ನೋಡಿದರೆ ಸಾಹೇಬರು ಆರಾಮಾಗಿ ಮನೆಗೆ ಹೋಗಿದ್ದಾರೆ; ಕುರ್ಚಿಯಲ್ಲಿ ಲೋಕಿಕೆರೆಯಾತ ಮಂಡಕ್ಕಿ ತಿನ್ನುತ್ತಾ ಕೂತಿದ್ದಾನೆ. ಪರದೆಯ ಮೂಲೆಯಲ್ಲಿ ಮಾತ್ರ ಸಾಹೇಬರ ಹೆಸರು.

"ನಿಮ್ಮ ಹೆಸರು ಎಲ್ರೀ?"

"ನಮ್ದು ಆಗಿ ಬರಂಗಿಲ್ಲ ಸರ್. ನಾನು ಮೊದಲ್ನೇ ದಿನ ನನ್ನ ಹೆಸ್ರು ಹೊಡ್ದೆ, ಸಂಜಿಕೆ ಲೈನ್ ಬಿತ್ತು. ಸಾಹೇಬ್ರು ಹೊಡುದ್ರು, ಒಂದು ಸಲನೂ ಬಿದ್ದಿಲ್ಲ. ಬೆಳಿಗ್ಗೆ ಅವ್ರು ತೆಗೀತಾರೆ, ನಾವು ಮುಚ್ಚೋದೇ ಇಲ್ಲ. ಕೈಗುಣ ಸರ್ ಅದು."

ಆ ಮೊದಲ ದಿನ ಸೇತುವೆ ಹತ್ತಿರ ರಸ್ತೆ ಅಗೆಯುವವರು ತಂತಿ ಕಡಿದಿದ್ದರೆಂದು ನಾನು ಎಷ್ಟು ಹೇಳಿದರೂ ಆತ ನಗುತ್ತಲೇ ಇದ್ದ. ಅಕಸ್ಮಾತ್ ಕಂಪ್ಯೂಟರ್ ಬಂದ್ ಆದರೆ ಕ್ವಾರ್ಟರ್ಸಿಗೆ ಹೇಳಿಕಳಿಸುತ್ತಿದ್ದರಂತೆ. ಸಾಹೇಬರು ಸೈಕಲ್ ಹತ್ತಿ ಬಂದು, ಹೆಸರು ಹೊಡೆದು, ಚಾ ಕುಡಿದು ಹೋಗುತ್ತಿದ್ದರಂತೆ. ಮರುದಿನ ಅವರನ್ನೇ ಕೇಳಿದೆ. ಅವರು ನನ್ನನ್ನು ಕರೆಯುತ್ತಿದ್ದುದು ಕಂಪ್ಯೂಟರ್ ಸಾಹೇಬ್ರೇ ಎಂದು.

"ನಾನು ಬ್ಯಾಡ ಅಂತ ಎಷ್ಟು ಹೇಳಿದ್ರೂ ಇವ್ರು ಕೇಳಂಗಿಲ್ರೀ ಕಂಪ್ಯೂಟರ್ ಸಾಹೇಬ್ರೇ. ನೀವಾರ ಹೇಳ್ರಿ. ನೀವು ಓದಿದೋರು, ನಿಮ್ಮ ಮಾತೂ ಕೇಳಲ್ಲ ಅವ್ರು, ಆದ್ರೂ ಹೇಳ್ರಿ."

ಹೇಳಿದೆ. ಎಲ್ಲರೂ ಹೂಂ ಅಂದರು. ಎಲ್ಲವೂ ಮೊದಲಿನ ಹಾಗೇ ನಡೆಯಿತು.

ಸಾಹೇಬರಿಗೆ ನಿವೃತ್ತಿ ಹತ್ತಿರ ಬಂದಿತ್ತು. ಎರಡು ವರ್ಷದ ಮುಂದುವರಿಕೆಗೆ ಅರ್ಜಿ ಹಾಕಿದ್ದರು. ಸಿಗುತ್ತದೆಂದೇ ಎಲ್ಲರ ನಂಬಿಕೆ. ಸಿಗದಿದ್ದರೆ ಕಂಪನಿಯ ಕ್ವಾರ್ಟರ್ಸ್ ಬಿಡಬೇಕು. ಹೆಂಡತಿ ತೀರಿಕೊಂಡಿದ್ದರು, ಇದ್ದೊಬ್ಬ ಮಗಳನ್ನು ಬಳ್ಳಾರಿಗೆ ಕೊಟ್ಟಿತ್ತು. "ಅಳಿಯ ಒಳ್ಳೆಯವ್ನೇ. ಆದ್ರೂ ಅಳಿಯನ ಮನ್ಯಾಗ ಮಾವ ಎಲ್ಲಿ ಕೂಡ್ಬೇಕು ಹೇಳ್ರಿ? ಪಡಸಾಲ್ಯಾಗ ಕುಂತ್ರೆ ಬಂದೋರಿಗೆ ಅಡ್ಡ, ಒಳಗ ಕುಂತ್ರೆ ಮಗಳಿಗೆ ಅಡ್ಡ" ಎಂದು ಒಮ್ಮೆ ನನ್ನ ಬಳಿ ಹೇಳಿ ನಕ್ಕಿದ್ದರು. ನಗು ಅಷ್ಟು ಸಲೀಸಾಗಿ ಬಂದಿರಲಿಲ್ಲ...

ಅಂಥ ಹೊತ್ತಿನಲ್ಲೇ ಲೈನು ಬಿತ್ತು. ಸಾಹೇಬರ ಪಾಳಿ ಮುಗಿದಿತ್ತು. ಲೋಕಿಕೆರೆಯಾತ ಕೂತಿದ್ದ. ಚುಕ್ಕೆ ಕೆಂಪಾಗಿ ಬಡಿದುಕೊಂಡಾಗ ಸದ್ದು ನಿಲ್ಲಿಸಿದ. ಫೋನು ಮಾತ್ರ ಯಾರಿಗೂ ಮಾಡಲಿಲ್ಲ. ಸಾಹೇಬರ ಹೆಸರಿನಲ್ಲಿ ತೆರೆದದ್ದು, ತಾನಾಗೇ ಬರುತ್ತದೆ ಎಂದು ಸುಮ್ಮನೆ ಕೂತ. ಸೋಮಾರಿತನವಲ್ಲ ಅದು, ಅಷ್ಟು ನಂಬಿದ್ದ. ಕರೂರಿನವರು ಪಟ್ಟಿ ಯಾಕೆ ಬಂದಿಲ್ಲವೆಂದು ಫೋನ್ ಮಾಡಿದರೂ "ಬರ್ತೈತೆ, ಸ್ವಲ್ಪ ತಡೀರಿ" ಅಂದ. ಲಾರಿಗಳು ಗೋದಾಮಿನ ಮುಂದೆ ಸಾಲಾಗಿ ನಿಂತವು. ಮಾಲು ಹೋಗಲಿಲ್ಲ. ದೊಡ್ಡ ಗಿರಾಕಿಯೊಬ್ಬರು ಮಾಲಕರಿಗೇ ಫೋನ್ ಹಚ್ಚಿ ಬೈದರು.

ಮ್ಯಾನೇಜರು ದಾಖಲೆ ಕೇಳಿದರು. ಅದರಲ್ಲಿ ಇದ್ದದ್ದು ಸಾಹೇಬರ ಹೆಸರು. "ಸರ್, ಇದು ಅವರಲ್ಲ. ಅಲ್ಲಿ ಮೂರೂ ಪಾಳಿ ಅವರ ಹೆಸರಲ್ಲೇ ನಡೀತದೆ" ಎಂದು ಕೈಗುಣದ ಕಥೆಯನ್ನೆಲ್ಲ ಹೇಳಿದೆ. ಅವರು ನನ್ನನ್ನೇ ದಿಟ್ಟಿಸಿದರು. "ಬೆಕ್ಕಿನ ಕಾಟ ಇಲ್ಲ ಅಂದಿದ್ಯಲ್ಲಪ್ಪ?" ಅಂದರು. ಕೊನೆಗೆ, ಸಾಹೇಬರನ್ನೇ ಕೇಳೋಣ, ಅವರು ತಾನಲ್ಲ ಅಂದರೆ ಮುಗೀತು ಎಂದು ಒಪ್ಪಿದರು. ನನಗೆ ಅರ್ಧ ಜೀವ ಬಂತು.

ಹರಿಹರದಲ್ಲಿ ಮೂವರನ್ನೂ ಎದುರಿಗೆ ಕೂರಿಸಿಕೊಂಡರು.

"ನಿಮ್ಮ ಪಾಳಿ ಎರಡಕ್ಕೇ ಮುಗೀತದಲ್ರೀ ಸಾಹೇಬ್ರೇ. ಆಮೇಲೆ ಸದ್ದು ನಿಲ್ಸಿದ್ದು ಯಾರು?"

"ಹೆಸ್ರು ಯಾರ್ದೈತ್ರೀ ಅದ್ರಾಗ?"

"ನಿಮ್ದು."

"ಹಂಗಾರೆ ನಂದೇ."

ಲೋಕಿಕೆರೆಯಾತ ಎದ್ದು "ಸರ್, ಅದು..." ಅನ್ನುವಷ್ಟರಲ್ಲಿ ಸಾಹೇಬರು, "ಏಯ್, ದೊಡ್ಡೋರು ಮಾತಾಡಾಗ ಬಾಯಿ ಹಾಕ್ಬ್ಯಾಡ, ಕೂಡು" ಎಂದು ಗದರಿದರು. ಅವರು ಗದರಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆತನಿಗೆ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ಹೊರಗೆ ಬಂದ ಮೇಲೆ ಚಹದಂಗಡಿಯ ಮುಂದೆ ಅವರನ್ನು ತಡೆದೆ. "ಯಾಕೆ ಹಂಗೆ ಹೇಳಿದ್ರಿ? ನಾನು ಅವರಿಗೆ ಎಲ್ಲ ತಿಳಿಸಿದ್ದೆ. ಒಂದು ಮಾತು, ನಾನಲ್ಲ ಅಂದಿದ್ರೆ ಸಾಕಿತ್ತು. ನಿಮ್ಮ ಮುಂದುವರಿಕೆ ಹೋಗ್ತದಲ್ರೀ!"

ಅವರು ತಟ್ಟೆಗೆ ಚಾ ಬಗ್ಗಿಸಿ ಊದಿದರು. "ಲೈನ್ ನೆಟ್ಟಗಿದ್ದ ದಿನ ಎಲ್ಲ ನನ್ನ ಕೈಗುಣ ಅಂತ ಇವ್ರು ಚಾ ಕುಡಿಸಿದ್ರು, ನಾನೂ ಕುಡುದೆ. ಬಾಯಿಲೆ ಬ್ಯಾಡ ಅಂದ್ರೂ ಒಳಗ ಖುಷಿ ಆಗ್ತಿತ್ರೀ, ಸುಳ್ಳು ಯಾಕೆ ಹೇಳ್ಲಿ. ಈಗ ಬಿದ್ದ ದಿನ ಮಾತ್ರ ಕೈ ನಂದಲ್ಲ ಅಂದ್ರೆ ಹೆಂಗೆ?"

ಯಾರು ಮಾಡಿದರೆಂದು ತಿಳಿಯಲೆಂದೇ ನಾನು ಅಷ್ಟೆಲ್ಲ ಕಟ್ಟಿದ್ದೆ. ಕಾರ್ಖಾನೆಯಲ್ಲಿ ಪ್ರತಿಯೊಬ್ಬರಿಗೂ ಯಾರೆಂದು ಗೊತ್ತಿತ್ತು. ಮ್ಯಾನೇಜರಿಗೂ ಗೊತ್ತಿತ್ತು. ಆದರೆ ಕಾಗದ ಒಂದು ಹೆಸರು ಹೇಳುತ್ತಿತ್ತು, ಆ ಹೆಸರಿನ ಮನುಷ್ಯ ಹೌದು ಅನ್ನುತ್ತಿದ್ದರು. ಮುಂದುವರಿಕೆ ಸಿಗಲಿಲ್ಲ.

ಕ್ವಾರ್ಟರ್ಸ್ ಖಾಲಿ ಮಾಡುವ ದಿನ ಲೋಕಿಕೆರೆಯಾತ ಮಂಚ ಹೊತ್ತು ಬಳ್ಳಾರಿಯ ಟೆಂಪೋಗೆ ಏರಿಸುತ್ತಾ ಗಳಗಳ ಅತ್ತ. "ಅಳೋದಾದ್ರೆ ಮಂಚ ಇಳಿಸಿ ಅಳಪ್ಪ, ಕಾಲು ಮುರೀತೈತೆ" ಅಂದರು ಸಾಹೇಬರು. ಎಲ್ಲರೂ ನಕ್ಕೆವು. ಹೋಗುವ ಮುನ್ನ ಆತನನ್ನು ಕೋಣೆಗೆ ಕರೆದೊಯ್ದು, ತಮ್ಮ ಹೆಸರನ್ನು ಮುಚ್ಚಿಸಿ, ಅವನದನ್ನು ಹೊಡೆಸಿದರು. ಚುಕ್ಕೆಗಳು ಹಸಿರಾಗಿಯೇ ಇದ್ದವು. "ನೋಡು, ಏನೂ ಆಗ್ಲಿಲ್ಲ" ಅಂದರು. ಅವರಿಗೆ ಅದು ಸಮಾಧಾನವೋ, ಸ್ವಲ್ಪ ನೋವೋ, ಮುಖ ನೋಡಿ ಹೇಳುವುದು ನನ್ನಿಂದಾಗಲಿಲ್ಲ.

ಆಮೇಲೆ ನಾನು ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಮನೆ ಕಟ್ಟಿಸಿದೆ. ಗೃಹಪ್ರವೇಶಕ್ಕೆ ಅವರನ್ನು ಕರೆಸಿ ಮೊದಲ ದೀಪ ಅವರಿಂದಲೇ ಹಾಕಿಸಬೇಕೆಂದು ಬಹಳ ಆಸೆಯಿತ್ತು. ಕರೆದರೆ ಹಳೆಯದೆಲ್ಲ ನೆನಪಾಗಿ ನೊಂದುಕೊಂಡಾರೇ? ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಾರೇ? ಅಷ್ಟು ದೂರದ ಪ್ರಯಾಣದಲ್ಲಿ ಮೈ ಹುಷಾರು ತಪ್ಪಿದರೇ?... ಯೋಚಿಸುತ್ತಾ ಯೋಚಿಸುತ್ತಾ ಮುಹೂರ್ತ ಬಂದೇ ಬಿಟ್ಟಿತು.

ರಿಪೇರಿ ಅಂಗಡಿಯಿಂದ ಬಂದ ದಿನವೇ ಲೋಕಿಕೆರೆಯಾತನಿಗೆ ಫೋನ್ ಮಾಡಿದೆ. ಈಗ ಆತನೂ ನಿವೃತ್ತಿಯ ಅಂಚಿನಲ್ಲಿದ್ದಾನೆ. ಸಾಹೇಬರು ತೀರಿಹೋಗಿ ಎಷ್ಟೋ ವರ್ಷವಾಯಿತಂತೆ. ಮಣ್ಣಿಗೆ ಹೋಗಿದ್ದಾಗ ಮಗಳ ಹತ್ತಿರ ಇವನು ಕೈಗುಣದ ಸುದ್ದಿ ಎತ್ತಿದನಂತೆ. ಆ ಹೆಣ್ಣುಮಗಳಿಗೆ ಏನೂ ಗೊತ್ತಿರಲಿಲ್ಲವಂತೆ. "ಹೌದೇನ್ರೀ? ಅಪ್ಪ ಒಂದು ದಿನನೂ ಹೇಳ್ಲೇ ಇಲ್ಲ. ನಮ್ಮ ಅಂಗಡಿಗೆ ಹೊಸ ಫ್ರಿಡ್ಜ್ ತಂದಾಗ ಸ್ವಿಚ್ಚಿನ ಪಕ್ಕದಾಗ ಬಂದು ನಿಂತ್ಕಂಡಿದ್ರು. ಯಾಕೆ ನಿಂತಾರೆ ಅಂತ ನಾವ್ಯಾರೂ ಕೇಳ್ಲಿಲ್ಲ" ಅಂದಳಂತೆ.