ತಡೀರಿ ಅನ್ನುತ್ತಿದ್ದ ಗೌಸ್‌ಭಾಯಿ

ಗೌಸ್‌ಭಾಯಿಯ ಅಂಗಡಿಗೆ ಏನಾದರೂ ಕೊಳ್ಳಲು ಹೋದವರು ಹೆಚ್ಚಾಗಿ ಬರಿಗೈಯಲ್ಲಿ ಮರಳುತ್ತಿದ್ದರು. ಹಾಗೆ ಮರಳಿಸುತ್ತಿದ್ದವರು ಬೇರೆ ಯಾರೂ ಅಲ್ಲ, ಅವರೇ. ಗಿರಾಕಿ ಬಾಯಿ ತೆರೆಯುವುದೇ ತಡ, ಕೈಯಲ್ಲಿದ್ದ ಸೋಲ್ಡರಿಂಗ್ ಕಡ್ಡಿಯನ್ನು ಪಕ್ಕಕ್ಕಿಟ್ಟು, ಕನ್ನಡಕವನ್ನು ಹಣೆಗೇರಿಸಿ, “ತಡೀರಿ. ಏನ್ ಅವಸರೈತಿ?” ಅನ್ನುತ್ತಿದ್ದರು. ಮಾರಲು ಕೂತವನೇ ಕೊಳ್ಳಬೇಡಿ ಅನ್ನುವುದನ್ನು ನನ್ನ ಜೀವಮಾನದಲ್ಲಿ ಕಂಡದ್ದು ಹಳಿಯಾಳದ ಆ ಒಂದೇ ಅಂಗಡಿಯಲ್ಲಿ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಅಲ್ಲಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿ. ನಮ್ಮವರು ದಾಂಡೇಲಿಗೆ ದಿನಾ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿಬರುತ್ತಿದ್ದರು. ಗೌಸ್‌ಭಾಯಿಯ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ನಮ್ಮ ಬಾಡಿಗೆ ವಾಸ. ಬೀದಿಗೆ ಮುಖಮಾಡಿ ಅವರ ಅಂಗಡಿ, ನಡುವೆ ಅವರೂ ಅವರ ತಾಯಿಯೂ ಇರುವ ಮನೆ, ಹಿಂದೆ ನಾವು. ಅವರು ಮದುವೆಯಾಗಿರಲಿಲ್ಲ. ಅದಕ್ಕೂ ಯಾರೋ ‘ತಡೀರಿ’ ಅಂದಿರಬೇಕು ಎಂದು ನಮ್ಮವರು ಹಾಸ್ಯ ಮಾಡುತ್ತಿದ್ದರು. ಗೌಸ್‌ಭಾಯಿಯೂ ನಗುತ್ತಿದ್ದರು.

ಟೀವಿ, ರೇಡಿಯೋ, ಟೇಪು ರಿಪೇರಿ ಅವರ ಕಸುಬು. ಆದರೆ ಊರಿಗೆ ಅವರು ಬೇಕಾಗಿದ್ದದ್ದು ವಿಡಿಯೋ ಗೇಮಿಗೆ. ಟೀವಿಗೆ ಜೋಡಿಸಿ ಆಡುವ ಆ ಡಬ್ಬಿಗಳೂ ಅದರೊಳಗೆ ಸಿಕ್ಕಿಸುವ ಹಳದಿ, ಕಪ್ಪು ಕ್ಯಾಸೆಟ್ಟುಗಳೂ ಆಗ ತಾನೇ ನಮ್ಮ ಕಡೆ ಬರತೊಡಗಿದ್ದವು. ಪ್ರತಿ ಗುರುವಾರ ಬಿಡಿಭಾಗ ತರಲು ಹುಬ್ಬಳ್ಳಿಗೆ ಹೋಗುತ್ತಿದ್ದ ಗೌಸ್‌ಭಾಯಿ, ಕೇಳಿದವರಿಗೆ ಗೇಮುಗಳನ್ನೂ ತಂದುಕೊಡುತ್ತಿದ್ದರು. ತಂದುಕೊಡುತ್ತಿದ್ದರು ಅನ್ನುವುದಕ್ಕಿಂತ, ಯಾವಾಗ ತರಬೇಕೆಂದು ತಾವೇ ಗೊತ್ತುಮಾಡುತ್ತಿದ್ದರು ಅನ್ನಬೇಕು.

ಅವರದು ಬೇರೆಯೇ ಲೆಕ್ಕಾಚಾರ. ಹುಬ್ಬಳ್ಳಿಯ ಅಂಗಡಿಗೆ ಹೋಗಿ ಅವರು ಬೆಲೆ ಕೇಳುತ್ತಲೇ ಇರಲಿಲ್ಲ. ಸುಮ್ಮನೆ ನಿಂತು ಡಬ್ಬಿ ಕಪಾಟಿನ ಯಾವ ಹಲಗೆಯ ಮೇಲಿದೆ ಎಂದು ನೋಡಿ ಬರುತ್ತಿದ್ದರಂತೆ. “ಸಣ್ಣ ಹುಡುಗೂರ ಕಣ್ಣಿಗೆ ಸಮಾ ಇಟ್ಟಿದ್ದ ಅಂದ್ರ ಆ ಸೇಠ್ ಒಂದ ರೂಪಾಯಿನೂ ಬಿಡಾಂಗಿಲ್ರಿ. ಡಬ್ಬಿ ಒಂದ ಹಲಗಿ ಮ್ಯಾಲ ಏರ್ತಂದ್ರ ಅವಂಗ ಬ್ಯಾಸರ ಬಂದೈತಿ ಅಂತ ತಿಳೀರಿ. ತುದಿಗೆ ಹೋಗಿ ಧೂಳ ಕುಂತ ಮ್ಯಾಲ ಕೇಳಬೇಕು. ಆವಾಗ ಅವನ ನಮ್ಮ ಬೆನ್ನ ಹತ್ತತಾನ.” ದಸರೆಗೆ ಕೊಳ್ಳಕೂಡದು, ದೀಪಾವಳಿಗಂತೂ ಕೈ ಹಚ್ಚಕೂಡದು, ಏಪ್ರಿಲ್-ಮೇ ಸೂಟಿಯಲ್ಲಿ ಅಂಗಡಿಯವನೇ ರಾಜ. ಜೂನ್ ನಡುವಿನಲ್ಲಿ ಶಾಲೆ ಶುರುವಾಗಿ ಮಳೆ ಹಿಡಿಯಿತೆಂದರೆ ಹುಬ್ಬಳ್ಳಿಯ ಆ ಓಣಿಯಲ್ಲಿ ಗಿರಾಕಿಗಳ ಸುಳಿವಿರುವುದಿಲ್ಲ. ಅದೇ ಸರಿಯಾದ ಹೊತ್ತು.

ಕ್ಯಾಸೆಟ್ಟಿನ ಮೇಲಿನ ಚಿತ್ರವನ್ನು ಅವರು ಎಂದೂ ನಂಬುತ್ತಿರಲಿಲ್ಲ. ‘ಸಾವಿರ ಆಟ’ ಎಂದು ಬರೆದಿದ್ದರೆ ಒಳಗಿರುವುದು ಆರೋ ಏಳೋ, ಅವೇ ಹೆಸರು ಬದಲಿಸಿಕೊಂಡು ತಿರುತಿರುಗಿ ಬರುತ್ತವೆ ಎಂದು ನಮಗೆಲ್ಲ ಕಲಿಸಿದವರು ಅವರೇ.

ನನ್ನ ಮಗ ವಿನಯನಿಗೆ ಆಗ ಎಂಟು ವರ್ಷ. ಆ ವರ್ಷ ದೀಪಾವಳಿಗೆ ವಿಡಿಯೋ ಗೇಮು ಬೇಕೇಬೇಕೆಂದು ಹಟ ಹಿಡಿದ. ಹೋಗಿ ಕೇಳಿದರೆ ಅದೇ ಉತ್ತರ. ವಿನಯ ಅಂಗಡಿಯ ಮೆಟ್ಟಿಲ ಮೇಲೆಯೇ ಕೂತು ಗಂಟಲು ಹರಿಯುವ ಹಾಗೆ ಅತ್ತ. ಗೌಸ್‌ಭಾಯಿ ಕರಗಲಿಲ್ಲ. ಮುಂದಿನ ಜೂನ್‌ನಲ್ಲಿ ಅದೇ ಡಬ್ಬಿಯನ್ನು ಹೆಚ್ಚುಕಡಿಮೆ ಅರ್ಧ ಬೆಲೆಗೆ ತಂದು, ಮೇಲೆ ಎರಡು ಕ್ಯಾಸೆಟ್ಟನ್ನು ಪುಕ್ಕಟೆ ಗಿಟ್ಟಿಸಿಕೊಂಡು ಬಂದು, ಗೆದ್ದವರ ಹಾಗೆ ನನ್ನ ಮುಂದಿಟ್ಟರು. ನಾನೂ ಊರೆಲ್ಲ ಹೇಳಿಕೊಂಡು ಬಂದೆ. ಸೂಟಿ ಮುಗಿದು ಶಾಲೆ ಶುರುವಾಗಿತ್ತು, ವಿನಯನಿಗೆ ಆಡಲು ಬಿಡುವೇ ಸಿಗುತ್ತಿರಲಿಲ್ಲ ಎಂಬುದು ಆಗ ನನಗೆ ದೊಡ್ಡ ವಿಷಯ ಅನ್ನಿಸಲಿಲ್ಲ.

ಇನ್ನು ಅವರ ತಾಯಿ ಹುಸೇನಬಿಯ ಮಾತು. ನಾವೆಲ್ಲ ‘ಅಮ್ಮಾ’ ಅನ್ನುತ್ತಿದ್ದೆವು. ಎಪ್ಪತ್ತು ದಾಟಿತ್ತು. ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಎಲುಬು ಮುರಿದ ಮೇಲೆ ಎದ್ದು ಓಡಾಡುವುದು ನಿಂತುಹೋಯಿತು. ಮಗ ಕಣ್ಣಮುಂದೆ ಇರಲಿ ಎಂದು ಅಂಗಡಿಯ ಹಿಂಭಾಗದಲ್ಲೇ ಮಂಚ ಹಾಕಿಸಿಕೊಂಡಿದ್ದರು. ಎದುರಿಗೆ, ರಿಪೇರಿಯಾದ ಗೇಮುಗಳನ್ನು ಪರೀಕ್ಷೆ ಮಾಡುವ ಹಳೆಯ ಟೀವಿ. ಮಗ ದಿನವಿಡೀ ಆಡಿಸಿ ನೋಡುವುದನ್ನು ಕಂಡು ಕಂಡು, ಒಂದು ದಿನ “ತಾ ಇಲ್ಲೆ, ನಾನೂ ನೋಡ್ತೇನಿ” ಎಂದು ಆಟ ಆಡಿಸುವ ರಿಮೋಟನ್ನು ಕೈಗೆ ತಗೊಂಡರು. ಆಮೇಲೆ ಅದನ್ನು ಬಿಟ್ಟದ್ದು ಊಟಕ್ಕೆ ಮತ್ತು ನಮಾಜಿಗೆ ಮಾತ್ರ. ಶಾಲೆಯಿಂದ ನಾನು ಬರುವ ಹೊತ್ತಿಗೆ ಅಂಗಡಿಯೊಳಗಿಂದ ಅವರ ದನಿ ಕೇಳುತ್ತಿತ್ತು: “ಏ ಮೂಳಾ, ಜಿಗಿಯೋ! ಮುಂದ ತೆಗ್ಗ ಐತಿ ಕಾಣವಲ್ದೇನು?” ಪರದೆಯ ಮೇಲಿನ ಬೊಂಬೆ ತೆಗ್ಗಿಗೆ ಬಿದ್ದರೆ, ಪಕ್ಕದ ಮನೆಯ ಹುಡುಗನೇ ಬಿದ್ದನೇನೋ ಎಂಬಷ್ಟು ಲೊಚಗುಟ್ಟುತ್ತಿದ್ದರು.

ಒಂದು ಜನವರಿಯ ಗುರುವಾರ ಗೌಸ್‌ಭಾಯಿ ಹುಬ್ಬಳ್ಳಿಯಿಂದ ಹೊಸ ಆಟವೊಂದರ ಬಣ್ಣದ ಚೀಟಿ ತಂದಿದ್ದರು. ಅದರ ಮೇಲೆ ಗುಡ್ಡದ ದಾರಿಯಲ್ಲಿ ಏರುತ್ತಿರುವ ಕೆಂಪು ಲಾರಿಯ ಚಿತ್ರ. ಅಮ್ಮ ಅದನ್ನು ಕೈಗೆ ತಗೊಂಡು ಎಷ್ಟೋ ಹೊತ್ತು ನೋಡಿದರು. ಅವರ ಗಂಡ ಲಾರಿ ಡ್ರೈವರ್ ಆಗಿದ್ದವರು, ಕುಳಗಿ ಕಡೆಯ ಕಾಡಿನಿಂದ ದಾಂಡೇಲಿಯ ಕಾಗದದ ಕಾರ್ಖಾನೆಗೆ ಬಿದಿರು ಸಾಗಿಸುತ್ತಿದ್ದವರು.

“ಮೂವತ್ತ ವರ್ಷ ಲಾರಿ ಹೊಡದ್ರು ಅವರು. ಒಂದ ದಿನ ನನ್ನ ಕುಂದರಿಸಿಕೊಂಡ ಹೋಗಲಿಲ್ಲ ನೋಡ ಬೇಟಾ,” ಎಂದು ನನಗೆ ಹೇಳಿದರು. “ಹೆಣ್ಣಮಕ್ಕಳು ಕ್ಯಾಬಿನ್‌ದಾಗ ಕುಂತ್ರ ಮಂದಿ ನಗ್ತಾರ ಅಂತಿದ್ರು. ಆ ಕುಳಗಿ ದಾರಿ ಹೆಂಗೈತಿ ಅಂತ ಇವತ್ತಿಗೂ ನಾ ನೋಡಿಲ್ಲ.” ಆಮೇಲೆ ಮಗನ ಕಡೆ ತಿರುಗಿ, “ಗೌಸ್, ಇದನ್ನ ತಂದುಕೊಡೋ. ನಾ ಲಾರಿ ಹೊಡೀತೇನಿ,” ಎಂದರು.

ಮಗ ಕನ್ನಡಕ ಹಣೆಗೇರಿಸಿದರು. “ತಡೀ ಅಮ್ಮಾ. ಹೊಸಾ ಮಾಲು, ಈಗ ತಗೊಂಡ್ರ ಕುತಗಿ ಕೊಯ್ತಾರ. ಜೂನ್‌ದಾಗ ಅರ್ಧಕ್ಕ ಬರ್ತೈತಿ.”

ಅಮ್ಮ ಬೇಸರ ಮಾಡಿಕೊಳ್ಳಲಿಲ್ಲ. ತಾಯಿಗೂ ರಿಯಾಯಿತಿ ಕೊಡದ ಮಗನ ಬಗ್ಗೆ ಅವರಿಗೆ ಹೆಮ್ಮೆಯೇ ಇತ್ತು. “ನನ್ನ ಮಗಗ ಯಾರೂ ಟೋಪಿ ಹಾಕಾಕ ಆಗಾಂಗಿಲ್ಲ” ಎಂದು ನನ್ನ ಮುಂದೆ ಹೇಳಿದರು. ಅಲ್ಲಿಂದ ಪ್ರತಿ ಗುರುವಾರ ಸಂಜೆ ಮಗ ಬಸ್ಸಿಳಿದು ಬಂದೊಡನೆ ಒಂದೇ ಪ್ರಶ್ನೆ: “ಹಲಗಿ ಏರಿತೇನೋ?” “ಇನ್ನೂ ಇಲ್ಲ ಅಮ್ಮಾ.” ಚೀಟಿಯನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದರು.

ಏಪ್ರಿಲ್‌ನಲ್ಲಿ ಲಾರಿ ಆಟದ ಡಬ್ಬಿ ಒಂದು ಹಲಗೆ ಮೇಲೇರಿತು. ಅಮ್ಮ ಆ ದಿನ ಓಣಿಯ ಮಕ್ಕಳಿಗೆಲ್ಲ ಪೆಪ್ಪರಮಿಂಟು ಹಂಚಿಸಿದರು. ಆದರೆ ಆ ಹೊತ್ತಿಗೆ ಅವರ ಊಟ ತೀರ ಕಡಿಮೆಯಾಗಿತ್ತು, ರಿಮೋಟು ಹಿಡಿದರೆ ಕೈ ನಡುಗುತ್ತಿತ್ತು. ನಾನು ಗೌಸ್‌ಭಾಯಿಗೆ ಒಂದು ಸಲ ಹೇಳಿಯೂ ಹೇಳಿದೆ, “ತಂದುಕೊಟ್ಟುಬಿಡ್ರಿ, ಒಂದ ಕ್ಯಾಸೆಟ್‌ನಾಗ ಏನ್ ಮುಳುಗಿ ಹೋಗ್ತೈತಿ?” ಅವರು ತಲೆ ತಗ್ಗಿಸಿಯೇ ಉತ್ತರಿಸಿದರು.

“ರೊಕ್ಕದ ಮಾತಲ್ರಿ ಅಕ್ಕೋರ. ಊರ ಮಂದಿಗೆಲ್ಲಾ ತಡೀರಿ ಅಂತ ಹೇಳೇನಿ. ಅವರ ಮಕ್ಕಳು ಇದ ಮೆಟ್ಟಲಮ್ಯಾಲ ಕುಂತ ಅತ್ತಾವು, ನಿಮ್ಮ ವಿನಯನೂ ಅತ್ತಾನ. ಈಗ ನನ್ನ ಮನಿಗಿ ಅಷ್ಟ ಮೊದಲ ತಂದ್ರ ಅವರ ಮಾರಿ ಹೆಂಗ ನೋಡ್ಲಿ? ಇನ್ನ ಎರಡ ತಿಂಗಳು. ಎರಡ ತಿಂಗಳ ಅಂದ್ರ ಎಷ್ಟು?”

ಆ ಮಾತಿನಲ್ಲಿ ನ್ಯಾಯವಿದೆ ಅನ್ನಿಸಿತು ನನಗೆ. ‘ಹೌದ್ರಿ, ಖರೇ’ ಎಂದು ತಲೆಯಾಡಿಸಿ ಒಳಗೆ ಬಂದೆ. ಈಗಲೂ ಎಲ್ಲಕ್ಕಿಂತ ಹೆಚ್ಚು ಚುಚ್ಚುವುದು ಆ ತಲೆಯಾಡಿಸಿದ್ದು. ಜಗಳ ತೆಗೆಯಬೇಕಿತ್ತು. ನಾನೇ ಒಂದು ಬಸ್ಸು ಹತ್ತಿ ಹೋಗಿ ತಂದುಬಿಡಬಹುದಿತ್ತು. ಅಂಗಡಿ ಎಲ್ಲಿದೆಯೆಂದು ನನಗೂ ಗೊತ್ತಿತ್ತು.

ಮೇ ಮೂರನೆಯ ವಾರದಲ್ಲಿ ಅಮ್ಮನಿಗೆ ಜ್ವರ ಬಂತು. ಎರಡು ದಿನ ಕಣ್ಣು ತೆರೆಯಲಿಲ್ಲ. ಮೂರನೆಯ ದಿನ ಗುರುವಾರ. ಗೌಸ್‌ಭಾಯಿ ಹುಬ್ಬಳ್ಳಿಗೆ ಹೋಗದೆ ಮಂಚದ ಪಕ್ಕದಲ್ಲೇ ಕೂತಿದ್ದರು. ಮಧ್ಯಾಹ್ನ ಅಮ್ಮ ಒಮ್ಮೆ ಕಣ್ಣು ತೆರೆದು ಮಗನನ್ನು ನೋಡಿ, “ಇವತ್ತ ಹೋಗಲಿಲ್ಲೇನೋ?” ಎಂದರು. ಅಷ್ಟೇ. ಸಂಜೆಯ ನಮಾಜಿಗೆ ಮೊದಲೇ ಅಮ್ಮ ಹೋಗಿಬಿಟ್ಟರು.

ಜೂನ್ ಹತ್ತರ ಸುಮಾರಿಗೆ ಮಳೆ ಹಿಡಿಯಿತು. ಅದಾದ ಎರಡನೆಯ ಗುರುವಾರ ನಾನು ಶಾಲೆಯಿಂದ ಬಂದಾಗ ಅಂಗಡಿಯ ಬಾಗಿಲು ಅರ್ಧ ಮುಚ್ಚಿತ್ತು. ಒಳಗಿನಿಂದ ಆಟದ ಕೀರಲು ಸಂಗೀತ ಬರುತ್ತಿತ್ತು. ಇಣುಕಿ ನೋಡಿದರೆ ಗೌಸ್‌ಭಾಯಿ ಅಮ್ಮನ ಖಾಲಿ ಮಂಚದ ಮೇಲೆ, ಮಳೆಯಲ್ಲಿ ತೊಯ್ದ ಅಂಗಿಯಲ್ಲೇ ಕೂತಿದ್ದರು. ಪರದೆಯ ಮೇಲೆ ಬೂದುಬಣ್ಣದ ಒಂದು ಪಟ್ಟಿ, ಅದರ ಮೇಲೆ ಕೆಂಪಗೆ ಚೌಕಾಕಾರದ ಏನೋ ಒಂದು, ಕೆಳಗೆ ಎರಡು ಚುಕ್ಕೆ. ರಿಮೋಟು ಅವರ ತೊಡೆಯ ಮೇಲಿತ್ತು. ಅದನ್ನು ಒತ್ತುತ್ತಿರಲಿಲ್ಲ. ಚೌಕ ನಿಂತಲ್ಲೇ ನಿಂತಿತ್ತು.

“ಬರ್ರಿ ಅಕ್ಕೋರ,” ಎಂದರು. “ನಾ ಹೇಳಿದ್ದ ಖರೇ ಆತು. ಅರ್ಧಕ್ಕಿಂತ ಕಡಿಮಿಗೆ ಕೊಟ್ಟ. ನಾ ಕೇಳೂದ್ರಾಗ ಅವನ ಕೊಟ್ಟ.”

 ಆಮೇಲೆ ಪರದೆಯ ಕಡೆ ಕೈ ತೋರಿಸಿದರು.

“ನೋಡ್ರಿ ಇದನ್ನ. ಲಾರಿ ಅಂತ ಇದು. ಚಿತ್ರದಾಗ ಅಷ್ಟ ಲಾರಿ, ಒಳಗ ಇದು ಡಬ್ಬಿ. ಗುಡ್ಡ ಇಲ್ಲ, ಗಿಡ ಇಲ್ಲ. ನನಗ ಮೊದಲ ಗೊತ್ತಿತ್ತು ಹಿಂಗ ಇರ್ತೈತಿ ಅಂತ. ಆದ್ರ ಅಕಿ...” ಎಂದು ತಡೆದರು. “ಅಕಿ ಇದನ್ನ ಲಾರಿ ಅಂತನ ಹೊಡೀತಿದ್ಲು. ಕುಳಗಿ ತನಕ ಹೊಡಕೊಂಡ ಹೋಗ್ತಿದ್ಲು.”

ಐವತ್ತರ ಹತ್ತಿರದ ಗಂಡಸು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಅತ್ತರು. ನಾನೂ ಬಾಗಿಲಲ್ಲಿ ನಿಂತು ಅತ್ತೆ. ಆಟದ ಸಂಗೀತ ಮಾತ್ರ ನಿಲ್ಲದೆ ಕೇಳುತ್ತಲೇ ಇತ್ತು, ಅದನ್ನು ಬಂದ್ ಮಾಡುವ ಎಚ್ಚರ ಇಬ್ಬರಿಗೂ ಇರಲಿಲ್ಲ.

ಇಷ್ಟಾದ ಮೇಲೆ ಗೌಸ್‌ಭಾಯಿ ಪೂರ್ತಿ ಬದಲಾದರು ಎಂದು ಬರೆದರೆ ಸುಳ್ಳಾಗುತ್ತದೆ. ಯಾವಾಗ ಬೆಲೆ ಇಳಿಯುತ್ತದೆಂಬ ಅವರ ತಿಳಿವಳಿಕೆ ಮೊದಲಿನಷ್ಟೇ ಪಕ್ಕಾ ಇತ್ತು. ಆದರೆ ಅದನ್ನು ತಾವಾಗಿ ಹೇಳುವುದನ್ನು ಬಿಟ್ಟರು. ಗಿರಾಕಿ ಬಂದರೆ ಮೊದಲು “ಯಾರ ಸಲುವಾಗಿ?” ಎಂದು ಕೇಳುತ್ತಿದ್ದರು. ಮಕ್ಕಳಿಗೆ ಅಂದರೆ ವಯಸ್ಸೆಷ್ಟು ಅನ್ನುತ್ತಿದ್ದರು. ಉತ್ತರ ಕೇಳಿಕೊಂಡು, ಒಮ್ಮೊಮ್ಮೆ ಹಬ್ಬದ ತುಟ್ಟಿ ದಿನಗಳಲ್ಲೇ ಹೋಗಿ ತಂದುಕೊಡುತ್ತಿದ್ದರು. ತಮ್ಮ ಪಾಲಿನ ಲಾಭ ಬಿಟ್ಟದ್ದನ್ನು ಯಾರಿಗೂ ಹೇಳುತ್ತಿರಲಿಲ್ಲ. ‘ಗೌಸ್‌ಭಾಯಿಗೆ ಮೊದಲಿನ ಚುರುಕಿಲ್ಲ’ ಎಂದು ಊರಿನವರು ಮಾತಾಡಿಕೊಂಡರು. ಲಾರಿ ಆಟದ ಕ್ಯಾಸೆಟ್ಟನ್ನು ಮತ್ತೆ ನಾನು ಅಲ್ಲಿ ನೋಡಲಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ.

ಕೆಲವು ವರ್ಷಗಳ ನಂತರ ನನಗೆ ಚಿಗಳ್ಳಿಯ ಶಾಲೆಗೆ ವರ್ಗವಾಗಿ ನಾವು ಹತ್ತಿರದ ಮುಂಡಗೋಡದಲ್ಲಿ ಮನೆ ಮಾಡಿದೆವು. ಕ್ಯಾಸೆಟ್ಟಿನ ಆಟಗಳು ಹೋಗಿ ಕಂಪ್ಯೂಟರ್ ಆಟಗಳು ಬಂದವು. ವಿನಯ ಕಾಲೇಜು ಸೇರಿದ. ಒಂದು ಸೋಮವಾರ ಗೌಸ್‌ಭಾಯಿಯ ಅಂಗಡಿಯ ಎದುರಿನ ದರ್ಜಿ ಫೋನ್ ಮಾಡಿ, ಅವರಿಗೆ ಕಾಮಾಲೆ ಹೆಚ್ಚಾಗಿ ಅದೇ ಊರಿನಲ್ಲಿರುವ ತಂಗಿಯ ಮನೆಯಲ್ಲಿ ಮಲಗಿದ್ದಾರೆಂದು ತಿಳಿಸಿದರು. ನಮ್ಮವರು, “ರವಿವಾರ ಹೋಗೂಣು. ವಿನಯನೂ ಬರ್ತಾನ, ಎಲ್ಲಾರೂ ಕೂಡಿ ಹೋದಂಗಾಗ್ತೈತಿ,” ಎಂದರು. ಅವರು ಹೇಳಿದ್ದು ಸರಿಯೇ. ಶಾಲೆಯಲ್ಲಿ ಆ ವಾರ ಪರೀಕ್ಷೆ ಬೇರೆ ಇತ್ತು. ಆದರೆ ನಾನು ಮಂಗಳವಾರ ಬೆಳಿಗ್ಗೆ ರಜೆಯ ಚೀಟಿ ಕಳಿಸಿ, ಎರಡು ಬಸ್ಸು ಬದಲಿಸಿ ಒಬ್ಬಳೇ ಹಳಿಯಾಳಕ್ಕೆ ಹೋದೆ.

ಗೌಸ್‌ಭಾಯಿ ಗುರುತು ಸಿಗದಷ್ಟು ಇಳಿದುಹೋಗಿದ್ದರು. ಕಣ್ಣು ಅರಿಶಿನದಂತಿತ್ತು. ನನ್ನನ್ನು ನೋಡಿ ಏಳಲು ಹೋದರು, ಆಗಲಿಲ್ಲ.

“ಇದೇನ್ರಿ ಅಕ್ಕೋರ, ಮಂಗಳಾರ ಬಂದೀರಿ? ಒಂದ ರಜಾ ಸುಮ್ನ ಹಾಳಾತಲ್ರಿ. ರವಿವಾರ ಬಂದಿದ್ರ ಆಗ್ತಿದ್ದಿಲ್ಲೇನು?”

“ಬರಬೇಕ ಅನಿಸ್ತು, ಬಂದೆ,” ಎಂದೆ.

 ಅವರು ಮೆಲ್ಲಗೆ, “ಛಲೋ ಮಾಡಿದ್ರಿ,” ಎಂದರು. ತಂಗಿಯನ್ನು ಕರೆದು ನನಗೆ ಚಹಾ ಮಾಡಲು ಹೇಳಿದರು. ವಿನಯ ಏನು ಓದುತ್ತಿದ್ದಾನೆಂದು ಕೇಳಿದರು. ಮಧ್ಯಾಹ್ನದ ಬಸ್ಸಿನ ಹೊತ್ತಾಗುವವರೆಗೂ ಅವರ ಪಕ್ಕದಲ್ಲೇ ಕೂತಿದ್ದೆ.

ಶುಕ್ರವಾರ ಅವರು ತೀರಿಕೊಂಡರು. ರವಿವಾರ ನಾವು ಮೂವರೂ ಕೂಡಿ ಹಳಿಯಾಳಕ್ಕೆ ಹೋದೆವು.