ಹೆಸರಿನಲ್ಲಿ ಈ ಚಿಹ್ನೆ ನಡೆಯುವುದಿಲ್ಲ

ನನ್ನ ಅಕ್ಕನ ಕೆಲಸ ಏನೆಂದು ಕೇಳಿದವರೆಲ್ಲ ನಗುತ್ತಿದ್ದರು. ಕಂಪ್ಯೂಟರಿನಲ್ಲಿ ಬರೆಯುವ ತಂತ್ರಾಂಶ ತಯಾರಿಸುವ ಕಚೇರಿ ನಮ್ಮದು. ಬರೆದದ್ದನ್ನು ಸೇವ್ ಮಾಡುವಾಗ ಫೈಲಿನ ಹೆಸರಿನಲ್ಲಿ ಓರೆಗೆರೆ, ನಕ್ಷತ್ರ, ಪ್ರಶ್ನಾರ್ಥಕ ಚಿಹ್ನೆ ಇಂಥವು ಇರಕೂಡದು. ಅಕ್ಕ ಬೇಕೆಂದೇ ಅವನ್ನು ಹಾಕಬೇಕು, ತಂತ್ರಾಂಶ ಸರಿಯಾಗಿ ಬೇಡವೆನ್ನುತ್ತದೆಯೇ ಎಂದು ನೋಡಬೇಕು. "ಬೈಸ್ಕೊಳ್ಳೋಕೆ ಸಂಬಳ ಕೊಡ್ತಾರೆ ಕಣೇ, ಮನೇಲಾದ್ರೆ ಪುಕ್ಕಟೆ," ಎನ್ನುತ್ತಿದ್ದಳು. ಅರಳು ಹುರಿದಂತೆ ಮಾತು. ಪಕ್ಕದ ಮೇಜಿನ ನನಗೆ ಅವಳ ಬಾಯಿ ಮುಚ್ಚಿಸುವುದೇ ಅರ್ಧ ಕೆಲಸವಾಗಿತ್ತು.

ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಭಾವ ಆಸ್ಪತ್ರೆ ಸೇರಿದ ಮೇಲೆ ಆ ಬಾಯಿ ತಾನಾಗಿಯೇ ಮುಚ್ಚಿತು. ಅಕ್ಕ ಅಳಲಿಲ್ಲ. ಅತ್ತುಬಿಡು ಮಾರಾಯ್ತಿ ಎಂದು ನಾನೇ ರೇಗಿದೆ. "ಆಮೇಲೆ," ಎಂದಳು, ಬಟ್ಟೆ ಒಗೆಯುವುದನ್ನು ಮುಂದಕ್ಕೆ ಹಾಕಿದ ಹಾಗೆ. ತಟ್ಟೆ ಮುಂದಿಟ್ಟರೆ ತಿನ್ನುತ್ತಿದ್ದಳು, ಇಡದಿದ್ದರೆ ಕೇಳುತ್ತಿರಲಿಲ್ಲ.

ಕೊನೆಗೂ ಭಾವನಿಗೆ ಮಾತು ಮರಳಿತು. ನೀರು ಕೇಳಿದರು, ಬೆಳಕು ಜಾಸ್ತಿ ಎಂದರು. ನೆನಪು ಎಷ್ಟು ಉಳಿದಿದೆಯೋ ಹೇಳಲಾಗದು, ನೀವೇ ಮಾತಾಡಿಸಿ ನೋಡಿ ಎಂದರು ಡಾಕ್ಟರು. ಅಕ್ಕ ದಿಂಬು ಸರಿಮಾಡಿದಳು, ಗಡ್ಡ ತೆಗೆದಳು. ತನ್ನ ಗುರುತು ಸಿಕ್ಕಿತೇ ಎಂದು ಮಾತ್ರ ಕೇಳಲಿಲ್ಲ.

"ಕೇಳಿದ್ರೆ ಉತ್ತರ ಬಂದ್ಬಿಡುತ್ತೆ," ಎಂದಳು. ನನಗೆ ಸಿಟ್ಟೂ ಬಂತು, ಭಯವೂ ಆಯಿತು.

ಮರುದಿನ ಕಚೇರಿಯಲ್ಲಿ ಅವಳ ಪರದೆ ಕಣ್ಣಿಗೆ ಬಿತ್ತು. ಫೈಲಿನ ಹೆಸರಿನ ಜಾಗದಲ್ಲಿ "ನಾನ್ಯಾರು ಗೊತ್ತಾಯ್ತಾ?" ಎಂದಿತ್ತು. ಹೆಸರಿನಲ್ಲಿ ಈ ಚಿಹ್ನೆ ನಡೆಯುವುದಿಲ್ಲ ಎಂದಿತು ತಂತ್ರಾಂಶ. ಅಕ್ಕ ಕೊನೆಯ ಚಿಹ್ನೆಯನ್ನು ಅಳಿಸಿ ಮತ್ತೆ ಒತ್ತಿದಳು. ಸೇವ್ ಆಯಿತು.

"ಅದಕ್ಕೆ ಕನ್ನಡ ಬರಲ್ಲ ಬಿಡು," ಎಂದೆ ನಾನು. "ಚಿಹ್ನೆ ತೆಗೆದ್ರೂ ಪ್ರಶ್ನೆ ಹಾಗೇ ಇದೆ."

ಅಕ್ಕ ನಗಲಿಲ್ಲ. "ಸಂಜೆ ಆಸ್ಪತ್ರೆಗೆ ನೀನೂ ಬಾ," ಎಂದಳು.

ಸಂಜೆ ಚೀಲವನ್ನೂ ಕೆಳಗಿಡದೆ ಮಂಚದ ಬಳಿ ನಿಂತು ಕೇಳಿಯೇಬಿಟ್ಟಳು. "ನಾನ್ಯಾರು ಗೊತ್ತಾಯ್ತಾ?"

ಮದುವೆಯಾದಾಗಿನಿಂದ 'ಏನೇ', 'ಬಾರೇ' ಎಂದೇ ಕರೆದ ಮನುಷ್ಯ. ಅವಳನ್ನು ದಿಟ್ಟಿಸಿ, ಹೊದಿಕೆ ಸರಿಮಾಡಿಕೊಂಡು, ಮರ್ಯಾದೆಯಿಂದ ಉತ್ತರ ಕೊಟ್ಟರು.

"ಗೊತ್ತಾಗ್ಲಿಲ್ಲ. ನೀವು ಯಾರ ಕಡೆಯವರು?"

ಅಕ್ಕ ಸ್ಟೂಲು ಎಳೆದುಕೊಂಡು ಕೂತಳು.

"ನಿಮ್ಮ ಕಡೆಯವಳೇ," ಎಂದಳು.